ಬೀಸುಬಲೆಯ ಸೀಸದ ಮಣಿ: ಎರಕ ಕೆಟ್ಟರೆ ಎಲ್ಲಿ ಹುಡುಕಬೇಕು

ಮಣಿಯ ಮೈ ಸುಕ್ಕುಗಟ್ಟಿತೇ, ಉರಿ ಹೆಚ್ಚಿಸು. ಅಚ್ಚು ತುಂಬಲಿಲ್ಲವೇ, ಇನ್ನಷ್ಟು ಉರಿ ಹೆಚ್ಚಿಸು. ಕಾಸರಗೋಡು ಸೀಮೆಯಲ್ಲಿ ಮಂಜೇಶ್ವರದಿಂದ ಚಂದ್ರಗಿರಿವರೆಗೆ ಅಳಿವೆ ಬದಿಯಲ್ಲಿ ಮನೆಯಲ್ಲೇ ಬಲೆಯ ಮಣಿ ಎರೆಯುವವರು ಹೆಚ್ಚಾಗಿ ಮಾಡುವ ಚಿಕಿತ್ಸೆ ಇದೊಂದೇ. ಹತ್ತರಲ್ಲಿ ಎಂಟು ಸಲ ಅದು ತಪ್ಪು ಮದ್ದು. ದೋಷ ಇರುವುದು ಗುಜರಿಯಿಂದ ತಂದ ಲೋಹದಲ್ಲಿ, ಇಲ್ಲವೇ ತಣ್ಣಗಿರುವ ಅಚ್ಚಿನಲ್ಲಿ, ಮಳೆಗಾಲವಾದರೆ ತೇವದಲ್ಲಿ. ಉರಿ ಹೆಚ್ಚಿಸಿದರೆ ಕಿಟ್ಟ (ಕರಗಿದ ಲೋಹದ ಮೇಲೆ ಕಟ್ಟುವ ಕಸ) ಹೆಚ್ಚುತ್ತದೆ, ಹೊಗೆ ಹೆಚ್ಚುತ್ತದೆ, ಗುಂಪಿನಲ್ಲಿ ಸತುವಿನ ತುಂಡು ಇದ್ದರೆ ಅದೂ ಕರಗಿ ಇಡೀ ಬಾಣಲೆ ಕೆಡುತ್ತದೆ.

ಕೇರಳದ ಟ್ರಾಲಿಂಗ್ (ಯಂತ್ರದೋಣಿಯ ಎಳೆಬಲೆ ಮೀನುಗಾರಿಕೆ) ನಿಷೇಧದ ದಿನಗಳಲ್ಲಿ, ಅಂದರೆ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, ಹೊಳೆ ಬದಿಯಲ್ಲಿ ಬೀಸುಬಲೆಗೆ ಕೆಲಸ ಜಾಸ್ತಿ. ಮಣಿ ಉದುರಿದ ಬಲೆ ರಿಪೇರಿಗೆ ಬರುವುದೂ ಆಗಲೇ, ಗಾಳಿಯಲ್ಲಿ ತೇವ ತುಂಬಿರುವುದೂ ಆಗಲೇ. ಆಗುವುದಾದರೆ ಮಣಿಯನ್ನು ಮೇ ತಿಂಗಳೊಳಗೆ ಎರೆದಿಟ್ಟುಕೊಳ್ಳಿ. ಬಂದೂಕಿನ ಚರೆ, ಗುಂಡಿನ ಮಾತು ಇಲ್ಲಿಲ್ಲ. ಅದು 1959ರ ಶಸ್ತ್ರ ಕಾಯ್ದೆಯಡಿ ಲೈಸೆನ್ಸಿನ ವ್ಯವಹಾರ. ಹಂದಿಯಿಂದ ಬೆಳೆ ಕಾಯುವ ಕೋವಿಗೆ ಲೈಸೆನ್ಸ್ ಇದ್ದರೆ ಮನೆಯಲ್ಲಿ ಗುಂಡು ಎರೆಯಲೂ ಅನುಮತಿ ಇದೆ ಎಂದು ಯಾರೂ ತಿಳಿಯಬಾರದು.

ಮೊದಲು, ಸರಿಯಾದದ್ದು ಹೇಗಿರುತ್ತದೆ

ಅಳತೆ ಗೊತ್ತಿಲ್ಲದೆ ದೋಷ ಹುಡುಕಲು ಹೋಗಬೇಡಿ. ಉದಾಹರಣೆಗೆ 8 ಮಿಲಿಮೀಟರ್ ದಪ್ಪ, 25 ಮಿಲಿಮೀಟರ್ ಉದ್ದ, ನಡುವೆ 3 ಮಿಲಿಮೀಟರ್ ತೂತು ಇರುವ ಕೊಳವೆ ಮಣಿ ತೆಗೆದುಕೊಳ್ಳಿ. ಅದರ ಗಾತ್ರ ಸುಮಾರು 1.08 ಘನ ಸೆಂಟಿಮೀಟರ್. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ. ಹಾಗಾಗಿ ಮಣಿ 12 ಗ್ರಾಂ ಮೇಲೆ ಸ್ವಲ್ಪ ತೂಗಬೇಕು. ನೂರು ಮಣಿಗೆ 1.2 ಕಿಲೋ. ಚಿನ್ನದಂಗಡಿಯವರು ಇಡುವಂಥ ಸಣ್ಣ ಡಿಜಿಟಲ್ ತಕ್ಕಡಿ ಈಗ ದುಬಾರಿಯಲ್ಲ, ಒಂದು ಇಟ್ಟುಕೊಳ್ಳಿ. ದೋಷ ಪತ್ತೆಗೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಶುದ್ಧ ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎರೆಯಲು 360ರಿಂದ 400 ಸಾಕು. ಸ್ಟೀಲ್ ಕವಚದ ಕಡ್ಡಿ ಇರುವ, ಕೆ ಮಾದರಿಯ ಡಿಜಿಟಲ್ ಥರ್ಮಾಮೀಟರನ್ನು ಲೋಹದೊಳಗೆ ಅದ್ದಿ ಅಳೆಯಬೇಕು. ದೂರದಿಂದ ಗುರಿಯಿಟ್ಟು ಅಳೆಯುವ ಗನ್ ಇಲ್ಲಿ ಮೋಸ ಮಾಡುತ್ತದೆ: ಕರಗಿದ ಸೀಸದ ಮೈ ಕನ್ನಡಿಯಂತೆ ಹೊಳೆಯುವುದರಿಂದ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಉರಿ ಏರಿಸಿದವರ ಬಾಣಲೆ ಕೆಂಪಗಾಗುವುದಕ್ಕೆ ಬಂದಿರುತ್ತದೆ. ಮೀಟರೇ ಇಲ್ಲದಿದ್ದರೆ ಒಣಗಿದ ಕಾಗದದ ಚೂರನ್ನು ಇಕ್ಕಳದಲ್ಲಿ ಹಿಡಿದು ಮುಟ್ಟಿಸಿ. ನಿಧಾನ ಕಂದಾದರೆ ಸರಿ, ಬೆಂಕಿ ಹೊತ್ತಿಕೊಂಡರೆ ಹೆಚ್ಚಾಗಿದೆ. ಕಿಟ್ಟ ಸರಿಸಿದ ತಕ್ಷಣ ಮೆದು ಸೀಸದ ಮೇಲೆ ಹಳದಿ, ನೇರಳೆ, ನೀಲಿ ಬಣ್ಣ ಓಡಾಡಿದರೂ ಬಿಸಿ ಬೇಕಾದ್ದಕ್ಕಿಂತ ಮೇಲಿದೆ ಎಂದೇ ಅರ್ಥ. ತವರ ಬೆರೆತ ಲೋಹದಲ್ಲಿ ಈ ಬಣ್ಣ ಬೇಗ ಕಾಣುವುದಿಲ್ಲ, ಅಲ್ಲಿ ಇದನ್ನು ನೆಚ್ಚಬೇಡಿ.

ಗೆರಟೆಯ ಕೆಂಡಕ್ಕೆ ಬ್ಲೋವರ್ ಹಚ್ಚಿದರೆ ಬಿಸಿ ಕೈಮೀರುತ್ತದೆ. ಹೊರಗೆ ಇಟ್ಟ ಗ್ಯಾಸ್ ಬರ್ನರ್ ಉತ್ತಮ, ಉರಿಯನ್ನು ತಗ್ಗಿಸಬಹುದು.

ಬಾಣಲೆಯಿಂದ ಸೀಸ ಸಿಡಿಯುತ್ತಿದೆ

ಇದನ್ನು ಉಳಿದ ಎಲ್ಲ ದೋಷಕ್ಕಿಂತ ಮೊದಲು ನೋಡಬೇಕು. ಸಿಡಿತಕ್ಕೆ ಕಾರಣ ಹೆಚ್ಚಾಗಿ ನೀರೇ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಬೆವರ ಹನಿ ಮೇಲ್ಮೈಗೆ ಬಿದ್ದರೆ ಚುರ್ ಎಂದು ಹಾರಿಹೋಗುತ್ತದೆ, ಅಷ್ಟೇ. ಅದೇ ಹನಿ ಲೋಹದ ಅಡಿಗೆ ಸಿಕ್ಕಿಕೊಂಡರೆ ಬಾಣಲೆಯಲ್ಲಿರುವುದೆಲ್ಲ ಮುಖಕ್ಕೆ ಬರುತ್ತದೆ.

ಎಲ್ಲಿಂದ ಬಂತು ಎಂದು ಈ ಕ್ರಮದಲ್ಲಿ ನೋಡಿ. ಹಳೇ ಬಲೆಯಿಂದ ಬಿಚ್ಚಿದ ಮಣಿಯೇ? ಅದರ ತೂತಿನಲ್ಲಿ ಉಪ್ಪು ಕಟ್ಟಿರುತ್ತದೆ, ಉಪ್ಪು ಮಳೆಗಾಲದಲ್ಲಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬಿಸಿಲಲ್ಲಿ ಒಣಗಿಸಿ ತಂದರೂ ಸಂಜೆಗೆ ಮತ್ತೆ ತೇವ. ಅಂಥವನ್ನು ನೂಲಿನ ತುಂಡು ತೆಗೆದು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ತಣ್ಣಗಿನ ಬಾಣಲೆಗೇ ಹಾಕಿ ಒಟ್ಟಿಗೆ ಬಿಸಿ ಮಾಡಬೇಕು. ಸೀಸದ ಪೈಪಿನ ಎರಡೂ ತುದಿ ಚಪ್ಪಟೆಯಾಗಿ ಮುಚ್ಚಿದ್ದರೆ ಕತ್ತರಿಸಿ ಒಳಗೆ ನೋಡಿ. ಕರಗಿದ ಸೀಸಕ್ಕೆ ಹೊಸ ತುಂಡು ಸೇರಿಸಲೇಬೇಕಾದರೆ ಬಾಣಲೆಯ ಅಂಚಿನ ಮೇಲೆ ಹತ್ತು ನಿಮಿಷ ಇಟ್ಟು ಕಾಯಿಸಿ, ಆಮೇಲೆ ಇಳಿಸಿ. ಸೌಟಿಗೂ ಇದೇ ನಿಯಮ. ಗೋಡೆಗೆ ನೇತುಹಾಕಿದ ಸೌಟಿನ ಮೇಲೆ ಮಳೆಗಾಲದಲ್ಲಿ ಕಣ್ಣಿಗೆ ಕಾಣದ ತೇವ ಇದ್ದೇ ಇರುತ್ತದೆ. ಅದ್ದುವ ಮೊದಲು ಉರಿಗೆ ಹಿಡಿಯಬೇಕು.

ಕೆಳಗೆ ಚೆಲ್ಲಿದಾಗ ಸಿಡಿಯುವುದು ಬೇರೆ ಸಂಗತಿ. ನಮ್ಮ ಕೆಂಪುಕಲ್ಲಿನ ಮೈತುಂಬ ತೂತು, ತೂತಿನ ತುಂಬ ನೀರು. ಅದರ ಮೇಲೆ ಸೀಸ ಬಿದ್ದರೆ ಚೂರು ಹಾರುತ್ತದೆ. ಸಿಮೆಂಟ್ ನೆಲವೂ ಪದರ ಪದರವಾಗಿ ಸಿಡಿಯುತ್ತದೆ. ಒಲೆಯ ಸುತ್ತ ಚೆನ್ನಾಗಿ ಹುರಿದು ಒಣಗಿಸಿದ ಮರಳು ತುಂಬಿದ ಅಗಲ ತಗಡಿನ ತಟ್ಟೆ ಇರಲಿ. ತಗಡಿನ ಮಾಡಿನ ಅಡಿಯಲ್ಲಾದರೆ ಮಳೆ ಇಲ್ಲದ ಬೆಳಿಗ್ಗೆಯೂ ಇಬ್ಬನಿ ತೊಟ್ಟಿಕ್ಕುತ್ತದೆ, ಗಮನಿಸಿ.

ಬರಿಗಾಲು, ಲುಂಗಿ, ನೈಲಾನ್ ಶರ್ಟ್ ಬೇಡ. ಮುಖ ಮುಚ್ಚುವ ಪಾರದರ್ಶಕ ಶೀಲ್ಡ್, ಚರ್ಮದ ಕೈಗವಸು, ಉದ್ದ ಹತ್ತಿ ಪ್ಯಾಂಟು, ಶೂ ಬೇಕು. ಪ್ಯಾಂಟನ್ನು ಶೂ ಒಳಗೆ ತುರುಕಬೇಡಿ, ಹೊರಗೆ ಬಿಡಿ. ಹನಿ ಜಾರಿ ಕೆಳಗೆ ಬೀಳಬೇಕು, ಒಳಗೆ ಇಳಿಯಬಾರದು.

ಲೋಹ ಅಂಬಲಿಯಂತೆ ಗಟ್ಟಿ, ಅಚ್ಚು ಅರ್ಧಕ್ಕೇ ನಿಲ್ಲುತ್ತದೆ

400 ಡಿಗ್ರಿ ಇದ್ದರೂ ಸೌಟಿನಿಂದ ಹರಿಯುವ ಬದಲು ತಟಕ್ಕನೆ ಉಂಡೆಯಾಗಿ ಬೀಳುತ್ತಿದ್ದರೆ, ಕಿಟ್ಟ ಎಷ್ಟು ತೆಗೆದರೂ ಬೂದು ಬಣ್ಣದ ಕೆನೆ ಮತ್ತೆ ಮತ್ತೆ ಕಟ್ಟುತ್ತಿದ್ದರೆ, ಅನುಮಾನ ಸತುವಿನ ಮೇಲೆ.

ಸತು ಬರುವ ದಾರಿ ಮುಖ್ಯವಾಗಿ ಎರಡು. ಒಂದು, ಪಂಕ್ಚರ್ ಅಂಗಡಿಯಿಂದ ತಂದ ಚಕ್ರದ ಬ್ಯಾಲೆನ್ಸ್ ತೂಕ. ಮೊದಲು ಇವೆಲ್ಲ ಸೀಸದವೇ, ಮೂರು ನಾಲ್ಕು ಪ್ರತಿಶತ ಆಂಟಿಮನಿ (ಸೀಸವನ್ನು ಗಡುಸು ಮಾಡುವ ಧಾತು) ಬೆರೆತವು. ಈಗ ಆ ಡಬ್ಬದಲ್ಲಿ ಸತು, ಕಬ್ಬಿಣ, ಸೀಸ ಮೂರೂ ಕಲಸಿರುತ್ತವೆ. ಎರಡನೆಯದನ್ನು ಯಾರೂ ಸಂಶಯಿಸುವುದಿಲ್ಲ: ಬಾಣಲೆಯೇ. ಜಿ.ಐ. ಬಕೆಟ್ಟಿನಲ್ಲೋ ಜಿ.ಐ. ತಗಡಿನಿಂದ ಮಾಡಿದ ಸೌಟಿನಲ್ಲೋ ಸೀಸ ಕರಗಿಸಿದರೆ ಅದರ ಲೇಪದ ಸತು ನೇರ ಲೋಹಕ್ಕೆ ಇಳಿಯುತ್ತದೆ. ದಪ್ಪ ಕಬ್ಬಿಣ, ಬೀಡಿನ ಬಾಣಲೆ ಇಲ್ಲವೇ ಸ್ಟೇನ್‌ಲೆಸ್ ಪಾತ್ರೆ ಮಾತ್ರ ಬಳಸಿ. ಅಲ್ಯುಮಿನಿಯಂ ಪಾತ್ರೆ ಈ ಬಿಸಿಗೆ ಮೆತ್ತಗಾಗಿ ಭಾರಕ್ಕೆ ಕುಸಿಯಬಹುದು. ಹಿತ್ತಾಳೆ, ತಾಮ್ರ ಬೇಡವೇ ಬೇಡ. ಮತ್ತು ಈ ಕೆಲಸಕ್ಕೆ ಬಂದ ಪಾತ್ರೆ ಅಡುಗೆಮನೆಗೆ ಎಂದೂ ಹಿಂತಿರುಗಬಾರದು.

ಬೇರ್ಪಡಿಸುವುದು ತಣ್ಣಗಿರುವಾಗಲೇ ಸುಲಭ. ಬ್ಯಾಲೆನ್ಸ್ ತೂಕದ ಮೇಲಿನ ಅಕ್ಷರ ನೋಡಿ: ಪೀಬಿ ಎಂದರೆ ಸೀಸ, ಝಡ್‌ಎನ್ ಎಂದರೆ ಸತು, ಎಫ್‌ಇ ಎಂದರೆ ಕಬ್ಬಿಣ. ಅಕ್ಷರ ಅಳಿಸಿದ್ದರೆ ಅಂಚನ್ನು ಕಟ್ಟಿಂಗ್ ಪ್ಲೈಯರಿನಲ್ಲಿ ಹಿಸುಕಿ. ಸೀಸಕ್ಕೆ ಬಾಯಿ ಸಲೀಸಾಗಿ ಇಳಿಯುತ್ತದೆ, ಸತುವಿನ ಮೇಲೆ ಜಾರುತ್ತದೆ. ಕಲ್ಲಿನ ಮೇಲೆ ಬೀಳಿಸಿದರೆ ಸೀಸ ದಪ್ ಎನ್ನುತ್ತದೆ, ಸತು ಟಿಣ್ ಎನ್ನುತ್ತದೆ. ಇನ್ನೂ ಸಂಶಯವಿದ್ದರೆ ಹೊಸದಾಗಿ ಕೆರೆದ ಜಾಗಕ್ಕೆ ಶೌಚಾಲಯ ತೊಳೆಯುವ ಆಸಿಡಿನ ಒಂದು ಹನಿ ಬಿಡಿ. ಸತುವಾದರೆ ನೊರೆ ನೊರೆಯಾಗಿ ಗುಳ್ಳೆ ಬರುತ್ತದೆ, ಸೀಸ ಸುಮ್ಮನಿರುತ್ತದೆ. ಹೀಗೆ ಪರೀಕ್ಷಿಸಿದ ತುಂಡನ್ನು ತೊಳೆದು ಒಣಗಿಸದೆ ಬಾಣಲೆಗೆ ಹಾಕಬಾರದು.

ಒಂದೆರಡು ತಪ್ಪಿ ಹೋದರೂ ಕೆಡುಕಿಲ್ಲ, ಬಿಸಿ ಹಿಡಿತದಲ್ಲಿದ್ದರೆ. ಸತು ಕರಗುವುದು 419 ಡಿಗ್ರಿಗೆ; ಸೀಸಕ್ಕಿಂತ ಹಗುರವಾದ್ದರಿಂದ ಕ್ಲಿಪ್ಪುಗಳ ಜೊತೆ ತೇಲುತ್ತಿರುತ್ತದೆ. ಸೀಸ ಕರಗಿದೊಡನೆ, 350 ದಾಟುವ ಮೊದಲೇ, ತೂತಿನ ಸೌಟಿನಲ್ಲಿ ತೇಲುವುದನ್ನೆಲ್ಲ ಎತ್ತಿಬಿಡಿ. ಹಾಗೇ ತೇಲಬಿಟ್ಟು ಕುದಿಸಿದರೆ ಅದು ಮೆಲ್ಲಗೆ ಒಳಗಿಳಿಯುತ್ತದೆ.

ಈಗಾಗಲೇ ಕರಗಿಹೋಗಿದ್ದರೆ? ಉರಿ ತಗ್ಗಿಸಿ ಲೋಹವನ್ನು 330ರ ಹತ್ತಿರಕ್ಕೆ ನಿಧಾನವಾಗಿ ಇಳಿಸಿ. ಸತು ಸೀಸದಲ್ಲಿ ಕರಗಿ ನಿಲ್ಲುವ ಪ್ರಮಾಣ ಬಿಸಿಯ ಮೇಲೆ ನಿಂತಿದೆ: 418 ಡಿಗ್ರಿಯ ಹತ್ತಿರ ಸುಮಾರು ಎರಡು ಪ್ರತಿಶತ, ಹೆಪ್ಪುಗಟ್ಟುವ ಹೊತ್ತಿಗೆ ಅರ್ಧ ಪ್ರತಿಶತದಷ್ಟು. ಹೆಚ್ಚಿನದ್ದು ಗಟ್ಟಿ ಕೆನೆಯಾಗಿ ಮೇಲೆ ಬರುತ್ತದೆ, ತೆಗೆಯಿರಿ. ಎರಡು ಮೂರು ಸಲ ಹೀಗೆ ಮಾಡಿ. ಉಳಿದ ಅರ್ಧ ಪ್ರತಿಶತ ಮನೆಯಲ್ಲಿ ಹೋಗುವುದಿಲ್ಲ. ಆ ಸೀಸವನ್ನು ದೋಣಿಯ ಲಂಗರಿನ ಭಾರದಂಥ ದಪ್ಪ, ತೆರೆದ ಎರಕಕ್ಕೆ ಬಳಸಿ. ಸಣ್ಣ ಮಣಿಗೆ ಅದನ್ನು ಒಗ್ಗಿಸಲು ಹೆಣಗಿ ಗ್ಯಾಸ್ ಹಾಳುಮಾಡಬೇಡಿ.

ಬೂದು ಕೆನೆ ಎಲ್ಲವೂ ಸತುವಲ್ಲ. ರೇಡಿಯೋ ರಿಪೇರಿಯ ಬೆಸುಗೆ ಚೂರು ಸೇರಿದ್ದರೆ ಅದು ತವರದ ಕಿಟ್ಟ. ಎಸೆದರೆ ಬೆಲೆಬಾಳುವ ತವರ ಎಸೆದಂತೆ. ಚಿಟಿಕೆ ಮೇಣ, ಇಲ್ಲವೇ ಸಾಮಿಲ್ಲಿನ ಚೆನ್ನಾಗಿ ಒಣಗಿದ ಮರದ ಹುಡಿ ಒಂದು ಹಿಡಿ ಹಾಕಿ, ಸೌಟಿನ ಬೆನ್ನಿನಿಂದ ಬಾಣಲೆಯ ಅಡಿ ಕೆರೆಯುತ್ತಾ ಕಲಕಿ. ಮೇಣದ ಹೊಗೆ ಭಗ್ಗನೆ ಹತ್ತಿಕೊಳ್ಳುತ್ತದೆ, ಮುಖ ಹಿಂದಿರಲಿ. ಕೆನೆ ಮರಳಿ ಲೋಹವಾಗಿ, ಒಣ ಕಪ್ಪು ಹುಡಿ ಮಾತ್ರ ಉಳಿದರೆ ಅದು ತವರದ್ದೇ ಆಗಿತ್ತು. ಎಷ್ಟು ಕಲಕಿದರೂ ಅಂಬಲಿಯೇ ಆದರೆ ಸತು.

ಮೈಯೆಲ್ಲ ಸುಕ್ಕು

ಒಂದರ ಹಿಂದೊಂದು ನಿಲ್ಲದೆ ಏಳೆಂಟು ಮಣಿ ಎರೆಯಿರಿ. ಅವುಗಳನ್ನು ಸಾಲಾಗಿ ಇಟ್ಟು ನೋಡಿದರೆ ಉತ್ತರ ಅಲ್ಲೇ ಇರುತ್ತದೆ.

ಹೋಗುತ್ತ ಹೋಗುತ್ತ ಸುಕ್ಕು ಕಡಿಮೆಯಾದರೆ ಅಚ್ಚು ತಣ್ಣಗಿತ್ತು. ಲೋಹದ ಬಿಸಿಗೆ ಕೈ ಹಾಕುವ ಅಗತ್ಯವಿಲ್ಲ. ಮೊದಲ ಕೆಲವನ್ನು ಬಾಣಲೆಗೆ ವಾಪಸು ಹಾಕಿ ಮುಂದುವರಿಯಿರಿ, ಅಥವಾ ಅಚ್ಚನ್ನು ಒಲೆಯ ಅಂಚಿನಲ್ಲಿ ಕಾಯಿಸಿ ಶುರುಮಾಡಿ. ಬಳಪದ ಕಲ್ಲಿನ ಅಚ್ಚಾದರೆ ಕಾಯಿಸುವುದು ಬಹಳ ನಿಧಾನ, ಇಲ್ಲದಿದ್ದರೆ ಸೀಳುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚು ಮಳೆಗಾಲದಲ್ಲಿ ಒಣಗಿತೆಂದು ನಂಬುವಂತಿಲ್ಲ. ಆ ತಿಂಗಳುಗಳಲ್ಲಿ ಅದನ್ನು ಮುಟ್ಟಬೇಡಿ.

ಸುಕ್ಕು ಎಲ್ಲ ಮಣಿಯಲ್ಲೂ ಒಂದೇ ಜಾಗದಲ್ಲಿದ್ದರೆ ಅಲ್ಲಿ ಎಣ್ಣೆ. ತುಕ್ಕು ಹಿಡಿಯದಿರಲೆಂದು ಕಬ್ಬಿಣದ ಅಚ್ಚಿಗೆ ಬಳಿದ ತೆಂಗಿನೆಣ್ಣೆಯೋ ಗ್ರೀಸೋ ಉಳಿದಿರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೇ ಟೂತ್‌ಬ್ರಷ್. ಆಮೇಲೆ ಪೂರ್ತಿ ಒಣಗಿಸಿ, ಚಿಮಣಿ ದೀಪದ ಹೊಗೆಗೆ ಹಿಡಿದು ತೆಳ್ಳಗೆ ಕಾಡಿಗೆ ಕಟ್ಟಿಸಿ. ಕಾಡಿಗೆ ಹಿಡಿದ ಅಚ್ಚಿನಲ್ಲಿ ಲೋಹ ಚೆನ್ನಾಗಿ ಓಡುತ್ತದೆ, ಮಣಿಯೂ ಸಲೀಸಾಗಿ ಬಿಡುತ್ತದೆ. ದಪ್ಪಗೆ ಕಟ್ಟಿದರೆ ಅಳತೆ ಕಡಿಮೆಯಾಗುತ್ತದೆ.

ಸುಕ್ಕು ಎಲ್ಲೆಂದರಲ್ಲಿ, ಜೊತೆಗೆ ಬೂದು ಚುಕ್ಕೆ ಇದ್ದರೆ ಸೌಟಿನ ಜೊತೆ ಕಿಟ್ಟ ಹೋಗುತ್ತಿದೆ. ಮೇಲ್ಮೈ ಸರಿಸಿ, ಸೌಟನ್ನು ಆಳಕ್ಕೆ ಮುಳುಗಿಸಿ ತುಂಬಿಕೊಳ್ಳಿ.

ಸುಕ್ಕಿಗೆ ವಿರುದ್ಧ ಇನ್ನೊಂದಿದೆ: ಮೈ ಹೊಳೆಯದೆ ಹಿಟ್ಟು ಎರಚಿದಂತೆ ಬೆಳ್ಳಗೆ. ಅಚ್ಚು ಬಿಸಿಯಾಗಿದೆ, ಸ್ವಲ್ಪ ತಡೆದು ಎರೆಯಿರಿ. ಬಲೆಯ ಮಣಿಗೆ ಇದರಿಂದ ಏನೂ ನಷ್ಟವಿಲ್ಲ. ಮೀನು ಹೊಳಪು ನೋಡಿ ಬರುವುದಿಲ್ಲ.

ತೂಕ ಕಡಿಮೆ

12.2 ಬರಬೇಕಾದ ಮಣಿ 11 ಗ್ರಾಂ ಬಂದರೆ ಒಳಗೆ ಹತ್ತರಲ್ಲೊಂದು ಪಾಲು ಪೊಳ್ಳು. ಎಲ್ಲವೂ ಸಮನಾಗಿ 11.8ರ ಸುತ್ತ ಬರುತ್ತಿದ್ದರೆ ಪೊಳ್ಳಲ್ಲ, ಲೋಹದಲ್ಲಿ ಆಂಟಿಮನಿಯೋ ತವರವೋ ಇದೆ. ಅವು ಸೀಸಕ್ಕಿಂತ ಹಗುರ. ಒಂದರಿಂದೊಂದಕ್ಕೆ ವ್ಯತ್ಯಾಸವಾಗುತ್ತಿದ್ದರೆ ಮಾತ್ರ ಪೊಳ್ಳು ಹುಡುಕಬೇಕು. ಹಗುರವಾದ ಒಂದನ್ನು ಕತ್ತಿಯಿಂದ ಉದ್ದಕ್ಕೆ ಸೀಳಿ.

ಪೊಳ್ಳು ಅಚ್ಚಿನ ಬಾಯಿಯ, ಅಂದರೆ ಸೀಸ ಸುರಿಯುವ ಕಂಡಿಯ, ಹತ್ತಿರವಿದ್ದರೆ: ಸೀಸ ಹೆಪ್ಪುಗಟ್ಟುವಾಗ ಸುಮಾರು ಮೂರೂವರೆ ಪ್ರತಿಶತ ಕುಗ್ಗುತ್ತದೆ. ಆ ಕೊರತೆ ತುಂಬಲು ಬಾಯಿಯ ಮೇಲೆ ಕರಗಿದ ಲೋಹ ಇರಬೇಕು. ಅಚ್ಚು ತುಂಬಿದ ಮೇಲೂ ಎರೆಯುವುದನ್ನು ನಿಲ್ಲಿಸದೆ ಬಾಯಿಯ ಮೇಲೆ ಕಡಲೆಯಷ್ಟು ದಪ್ಪದ ಗುಪ್ಪೆ ನಿಲ್ಲಿಸಿ. ಅದು ಒಳಗೆ ಸೆಳೆದುಕೊಂಡು ತಗ್ಗಾಗುವುದು ಕಾಣಬೇಕು. ಬಾಯಿ ತೀರ ಸಣ್ಣದಿದ್ದರೆ ಅದೇ ಮೊದಲು ಗಟ್ಟಿಯಾಗುತ್ತದೆ, ಅಗಲ ಮಾಡಿ.

ಪೊಳ್ಳು ತೂತಿನ ಉದ್ದಕ್ಕೆ ಇದ್ದರೆ ತಪ್ಪು ಸರಳಿನದು, ಅಂದರೆ ತೂತು ಉಳಿಯಲೆಂದು ಅಚ್ಚಿನ ನಡುವೆ ಇಡುವ ಕಡ್ಡಿಯದು. ತಣ್ಣನೆ ಕಡ್ಡಿ ಹಾಕಿದ್ದೀರಿ. ಸೈಕಲ್ ಕಡ್ಡಿಯಾಗಲಿ 3 ಮಿಲಿಮೀಟರ್ ಸ್ಟೀಲ್ ಸರಳಾಗಲಿ, ಅಚ್ಚಿನ ಜೊತೆಗೇ ಕಾಯಬೇಕು. ಎರಡು ಸರಳು ಇಟ್ಟುಕೊಂಡರೆ ಒಂದು ಅಚ್ಚಿನಲ್ಲಿರುವಾಗ ಇನ್ನೊಂದು ಬಾಣಲೆಯ ಅಂಚಿನಲ್ಲಿ ಕಾಯುತ್ತಿರುತ್ತದೆ.

ಪೊಳ್ಳು ತಳದ ಮೂಲೆಯಲ್ಲಿದ್ದರೆ ಗಾಳಿಗೆ ದಾರಿಯಿಲ್ಲ. ಅಚ್ಚಿನ ಜೋಡಿನ ಮುಖದ ಮೇಲೆ, ಗುಳಿಯಿಂದ ಹೊರ ಅಂಚಿನವರೆಗೆ, ಚೂಪು ಮೊನೆಯಿಂದ ಕೂದಲೆಳೆಯಷ್ಟು ಆಳದ ಎರಡು ಗೀರು ಹಾಕಿ. ಅಷ್ಟು ಸಣ್ಣ ಸಂದಿಗೆ ಗಾಳಿ ಹೋಗುತ್ತದೆ, ಸೀಸ ಹೋಗುವುದಿಲ್ಲ. ಮೂಲೆ ಆಗಲೂ ತುಂಬದಿದ್ದರೆ ಲೋಹಕ್ಕೆ ನೂರಕ್ಕೆ ಒಂದೆರಡು ಪಾಲು ತವರ ಕೊಡಿ. 60-40 ಬೆಸುಗೆ ತಂತಿಯಾದರೆ ಐದು ಕಿಲೋ ಸೀಸಕ್ಕೆ 100 ಗ್ರಾಂ ಸಾಕು, ಒಂದು ಪ್ರತಿಶತಕ್ಕಿಂತ ತುಸು ಹೆಚ್ಚು ತವರವಾಗುತ್ತದೆ.

ಜೋಡಿನ ಗೆರೆಯಲ್ಲಿ ರೆಕ್ಕೆ

ಅಚ್ಚಿನ ಎರಡು ಭಾಗ ಪೂರ್ತಿ ಕೂರುತ್ತಿಲ್ಲ. ಮುಖದ ಮೇಲೆ ಸಾಸಿವೆಯಷ್ಟು ಸೀಸ ಅಂಟಿದ್ದರೂ ಸಾಕು. ಅಚ್ಚು ಬಿಸಿಯಿರುವಾಗ ಬಿದಿರಿನ ಕಡ್ಡಿಯಿಂದ ತಿಕ್ಕಿ ತೆಗೆಯಿರಿ. ಚಾಕು ಹಾಕಿದರೆ ಆಗುವ ಗೀರೇ ಮುಂದಿನ ರೆಕ್ಕೆ. ಮುಖ ಶುಚಿಯಾಗಿದ್ದೂ ರೆಕ್ಕೆ ಬಂದರೆ ಲೋಹ ಅತಿ ಬಿಸಿ, ಇಲ್ಲವೇ ಅಚ್ಚು ಸೊಟ್ಟಗಾಗಿದೆ. ಎರಡು ಭಾಗ ಜೋಡಿಸಿ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ.

ಸರಳು ಹೊರಬರುತ್ತಿಲ್ಲ, ಅಥವಾ ತೂತು ಹರಿಯುತ್ತದೆ

ಸೀಸ ಕುಗ್ಗುತ್ತ ಸರಳನ್ನು ಅಪ್ಪಿಕೊಳ್ಳುತ್ತದೆ. ಪೂರ್ತಿ ತಣಿದ ಮೇಲೆ ಎಳೆದರೆ ಬರುವುದಿಲ್ಲ, ಬೇಗ ಎಳೆದರೆ ತೂತಿನ ಬಾಯಿ ಹರಿಯುತ್ತದೆ. ಬಾಯಿಯ ಮೇಲಿನ ಗುಪ್ಪೆಯ ಹೊಳಪು ಮಾಯವಾದ ಮೇಲೆ ನಾಲ್ಕೈದು ಎಣಿಸಿ, ತಿರುಚುತ್ತ ಎಳೆಯಿರಿ. ಇದು ಮೆದು ಸೀಸದ ಲೆಕ್ಕ. ಬ್ಯಾಲೆನ್ಸ್ ತೂಕದ ಆಂಟಿಮನಿ ಸೀಸ 300ರ ಹತ್ತಿರ ಗಟ್ಟಿಯಾಗತೊಡಗಿದರೂ 252 ಡಿಗ್ರಿಯವರೆಗೆ ಒಳಗೆ ಹಸಿಯಾಗಿಯೇ ಇರುತ್ತದೆ. ಅದಕ್ಕೆ ಎರಡರಷ್ಟು ಕಾಯಬೇಕು. ಸರಳಿಗೂ ಕಾಡಿಗೆ ಹಿಡಿಸಿ, ಮತ್ತು ತುದಿಯ ಕಡೆಗೆ ಅರಕಾಗದದಿಂದ ಉಜ್ಜಿ ತುಸು ಸಪೂರ ಮಾಡಿಕೊಳ್ಳಿ. ಎಳೆಯುವುದು ದಪ್ಪ ತುದಿಯ ಕಡೆಗೆ.

ಹಿಸುಕಿದರೆ ಬಿರಿಯುತ್ತದೆ

ಕೊಳವೆ ಮಣಿಗೆ ಇದು ಲೆಕ್ಕವಿಲ್ಲ; ಸೀಳು ಬಿಟ್ಟು ಹಗ್ಗಕ್ಕೆ ಮಡಚುವ ಮಣಿಗೆ ಲೋಹ ಮೆದುವಾಗಿರಲೇಬೇಕು. ಉಗುರಿನಿಂದ ಗೀರಿದರೆ ಗುರುತು ಬೀಳಬೇಕು. ಬೀಳದಿದ್ದರೆ ಆಂಟಿಮನಿ ಜಾಸ್ತಿ. ಮುಚ್ಚಿದ ಹಳೇ ಮುದ್ರಣಾಲಯಗಳಿಂದ ಬರುವ ಅಚ್ಚುಮೊಳೆ (ಅಕ್ಷರ ಮುದ್ರಿಸುವ ಲೋಹದ ತುಂಡು) ಇದರ ಮೂಲವಾಗಿರಬಹುದು. ಅದರಲ್ಲಿ ಆಂಟಿಮನಿ ಹದಿನೈದು ಪ್ರತಿಶತದಷ್ಟಿದ್ದರೂ ಆಶ್ಚರ್ಯವಿಲ್ಲ. ಮೊಳೆ ಒಂದು ಪಾಲು, ಹಳೇ ಟೆಲಿಫೋನ್ ಕೇಬಲಿನ ಹೊದಿಕೆಯ ಮೆದು ಸೀಸ ನಾಲ್ಕು ಪಾಲು ಹಾಕಿದರೆ ಮೂರು ಪ್ರತಿಶತಕ್ಕೆ ಇಳಿಯುತ್ತದೆ, ಕೊಳವೆ ಮಣಿಗೆ ಅದು ಒಳ್ಳೆಯ ಹದ. ಮಡಚುವ ಮಣಿಗೆ ಕೇಬಲ್ ಸೀಸವನ್ನೇ ಬಳಸಿ. ಕನ್ನಡದ ಹಳೇ ಮೊಳೆಗಳನ್ನು ಕರಗಿಸುವುದಕ್ಕಿಂತ ಹಾಗೇ ಉಳಿಸುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

ಬ್ಯಾಟರಿ ಸೀಸ ಬಿರಿಯುತ್ತದೆಯೇ ಎಂಬ ಪ್ರಶ್ನೆಯೇ ಬರಬಾರದು. ಬ್ಯಾಟರಿ ಒಡೆಯಬೇಡಿ. ಪ್ಲೇಟಿನ ಹೆಚ್ಚಿನ ಪಾಲು ಲೋಹವೇ ಅಲ್ಲ, ಆಸಿಡಿನಲ್ಲಿ ನೆನೆದ ಸೀಸದ ಲವಣದ ಹುಡಿ. ಪ್ಲೇಟಿನಲ್ಲಿ ಕ್ಯಾಲ್ಸಿಯಂ, ಆಂಟಿಮನಿ, ಆರ್ಸೆನಿಕ್ ಇರುತ್ತವೆ. ಅದರ ಕಿಟ್ಟಕ್ಕೆ ನೀರು ತಗಲಿದರೆ ಆರ್ಸೀನ್ ಎಂಬ ಕೊಲ್ಲುವ ಅನಿಲ ಹುಟ್ಟಬಹುದು. ಹಳೇ ಬ್ಯಾಟರಿಯನ್ನು ಅಂಗಡಿಗೆ ಹಿಂದಿರುಗಿಸಿದರೆ ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ.

ಕೆಲಸ ನಿಲ್ಲಿಸಬೇಕಾದ ಗುರುತು

ಕಿಟ್ಟ ಹಳದಿ ಬಣ್ಣಕ್ಕೆ ತಿರುಗಿ ಹುಡಿಯಾಗತೊಡಗಿದರೆ ಬಿಸಿ ಮಿತಿಮೀರಿದೆ, ಉರಿ ಆರಿಸಿ. 480 ದಾಟಿದ ಮೇಲೆ ಸೀಸದ ಆವಿ ಉಪೇಕ್ಷಿಸುವಂಥದ್ದಲ್ಲ. ಅದಕ್ಕಿಂತ ಕೆಳಗೆ ದೊಡ್ಡ ಅಪಾಯ ಹೊಗೆಯಲ್ಲ, ಕಿಟ್ಟದ ಹುಡಿ: ಕೈಗೆ, ಬಟ್ಟೆಗೆ, ಅಲ್ಲಿಂದ ಬಾಯಿಗೆ. ಕೆಲಸದ ನಡುವೆ ಬೀಡಿ, ಎಲೆಯಡಿಕೆ, ಚಹ ಬೇಡ. ಒಣ ಹಿಡಿಸೂಡಿಯಿಂದ ಗುಡಿಸಬೇಡಿ; ಎಲ್ಲ ತಣಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನೂ ಕಿಟ್ಟವನ್ನೂ ಮುಚ್ಚಳದ ಡಬ್ಬದಲ್ಲಿ ತುಂಬಿ ಬ್ಯಾಟರಿ, ಸೀಸ ಮರುಬಳಕೆಯ ಅಧಿಕೃತ ಖರೀದಿದಾರರಿಗೆ ಕೊಡಿ. ತೋಟದ ಬುಡಕ್ಕೋ ಬಾವಿಯ ಬದಿಗೋ ಸುರಿದರೆ ಅದು ಅಲ್ಲೇ ಉಳಿಯುತ್ತದೆ. ಅಡಿಕೆ, ಭತ್ತ ಒಣಗಿಸುವ ಅಂಗಳದಲ್ಲಿ ಒಲೆ ಹೂಡಬೇಡಿ. ಮಕ್ಕಳು, ಗರ್ಭಿಣಿಯರು ಆ ಬದಿಗೇ ಬರಬಾರದು. ಮಕ್ಕಳ ಮಟ್ಟಿಗೆ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಡ್ಡಿಯಿಲ್ಲ ಎನ್ನುವ ಮಿತಿಯೇ ಇಲ್ಲ. ವರ್ಷಕ್ಕೆ ಹಲವು ಸಲ ಎರೆಯುವವರು ರಕ್ತದ ಸೀಸದ ಪರೀಕ್ಷೆ ಮಾಡಿಸಿಕೊಳ್ಳಿ.

ಮಣಿ ಸರಿ, ಆದರೆ ಬಲೆಯ ಹಗ್ಗ ತುಂಡಾಗುತ್ತದೆ

ತೂತಿನ ಎರಡು ತುದಿಯಲ್ಲಿ ಉಳಿದ ಚೂಪು ಅಂಚು ನೈಲಾನನ್ನು ತಿನ್ನುತ್ತಿದೆ. ಪ್ರತಿ ಬೀಸಿಗೂ ಹಗ್ಗ ಅಲ್ಲೇ ಉಜ್ಜುವುದರಿಂದ ಒಂದೇ ಮಳೆಗಾಲದಲ್ಲಿ ಮಣಿಸಾಲು ಕಳಚುತ್ತದೆ. ಅರದಿಂದಾಗಲಿ ಅರಕಾಗದದಿಂದಾಗಲಿ ಉಜ್ಜಬೇಡಿ, ಸೀಸದ ಹುಡಿ ಹಾರುತ್ತದೆ. 6 ಮಿಲಿಮೀಟರ್ ಡ್ರಿಲ್ ಬಿಟ್ಟನ್ನು ಮಿಷನ್ನಿಗೆ ಹಾಕದೆ ಕೈಯಲ್ಲೇ ಹಿಡಿದು ಎರಡೂ ಬಾಯಿಗೆ ಎರಡೆರಡು ಸುತ್ತು ತಿರುಗಿಸಿ. ಅಂಚು ಸುರುಳಿಯಾಗಿ ಬಿಡುತ್ತದೆ, ಆ ಸುರುಳಿ ಬಾಣಲೆಗೆ ವಾಪಸು. ಆಮೇಲೆ ಹಗ್ಗದ ತುಂಡೊಂದನ್ನು ತೂರಿಸಿ ಓರೆಯಾಗಿ ಹತ್ತಾರು ಸಲ ಎಳೆದು ನೋಡಿ: ನೂಲು ಜುಂಗು ಏಳದಿದ್ದರೆ ಬಲೆಗೆ ಕಟ್ಟಬಹುದು.